ಇಟಲಿಯ ತ್ರತ್ತೊರಿಯಾದಲ್ಲಿ ಊಟ: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಇಟಲಿಗೆ ಹೊರಟ ನೆಂಟರು, ಸ್ನೇಹಿತರು ಫೋನ್ ಮಾಡಿದರೆ ಕೊಲೋಸಿಯಂ ಟಿಕೆಟ್ ಬಗ್ಗೆ ಎರಡು ನಿಮಿಷ ಮಾತು. ಆಮೇಲೆ ಅರ್ಧ ಗಂಟೆ ಊಟದ್ದೇ. ಏನು ಸಿಗುತ್ತದೆ, ಹೇಗೆ ಕೇಳಬೇಕು, ಎಷ್ಟಾಗುತ್ತದೆ, ಸಸ್ಯಾಹಾರಿಗಳ ಗತಿ ಏನು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ದೊಡ್ಡ ರೆಸ್ಟೋರೆಂಟುಗಳ ವಿಷಯ ಇದರಲ್ಲಿಲ್ಲ. ಗಲ್ಲಿಯೊಳಗೆ ಹತ್ತು ಹನ್ನೆರಡು ಮೇಜು ಹಾಕಿಕೊಂಡು ಮನೆಯವರೇ ನಡೆಸುವ ಊಟದ ಜಾಗಗಳ ವಿಷಯ ಮಾತ್ರ. ನನಗೆ ಜಾಸ್ತಿ ಪರಿಚಯ ಇರುವ ಊರು ರೋಮ್. ಉದಾಹರಣೆಗಳೂ ಅಲ್ಲಿಯವೇ ಜಾಸ್ತಿ.

ತ್ರತ್ತೊರಿಯಾ ಅಂದರೆ ಏನು? ರೆಸ್ಟೋರೆಂಟೇ ಅಲ್ವಾ?

ಪೂರ್ತಿ ಅಲ್ಲ. ‘ರಿಸ್ತೊರಾಂತೆ’ ಅಂದರೆ ಬಿಳಿ ಮೇಜುಬಟ್ಟೆ, ವೈನ್‌ಗೇ ಒಂದು ಬೇರೆ ಪುಸ್ತಕ, ಇಸ್ತ್ರಿ ಹಾಕಿದ ಶರ್ಟಿನ ವೇಟರ್. ತ್ರತ್ತೊರಿಯಾ ಅಂದರೆ ಗಂಡ ಗಲ್ಲಾದಲ್ಲಿ, ಹೆಂಡತಿಯೋ ಅತ್ತೆಯೋ ಅಡುಗೆಮನೆಯಲ್ಲಿ, ಮಗ ತಟ್ಟೆ ಹಿಡಿದು ಓಡಾಡುವ ಜಾಗ. ಮೇಜಿನ ಮೇಲೆ ಕಾಗದದ ಹಾಸು, ದಪ್ಪ ಗಾಜಿನ ಗಿಡ್ಡ ಲೋಟ. ಆ ಸೀಮೆಯ ಅಡುಗೆ, ಆ ಕಾಲದ ತರಕಾರಿ, ವರ್ಷಗಟ್ಟಲೆ ಬದಲಾಗದ ಹತ್ತು ಹದಿನೈದು ಐಟಂ.

ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹೋಗಿ ಯಾರೂ ನೂಡಲ್ಸ್ ಇದೆಯಾ ಅಂತ ಕೇಳುವುದಿಲ್ಲ. ಅವತ್ತು ಮಾಡಿದ ಪಲ್ಯ ಏನಿದೆಯೋ ಅದು, ರೊಟ್ಟಿ, ಚಟ್ನಿ. ತ್ರತ್ತೊರಿಯಾಗೂ ಅದೇ ಮನಸ್ಸಿನಿಂದ ಹೋಗಿ. ನೀವು ಗಿರಾಕಿ ನಿಜ, ಆದರೆ ಅರ್ಧ ಭಾಗ ಅತಿಥಿಯೂ ಹೌದು. ಅವರ ಮನೆ, ಅವರ ಪದ್ಧತಿ. ಕೆಳಗಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲೇ ಇದೆ.

ಓಸ್ತೆರಿಯಾ ಅಂತಲೂ ಬೋರ್ಡ್ ಇರುತ್ತದೆ. ಅದು ಬೇರೆಯಾ?

ಹುಟ್ಟಿದ್ದು ಬೇರೆ. ಓಸ್ತೆರಿಯಾ ಮೊದಲು ವೈನ್ ಅಂಗಡಿ. ಕುಡಿಯುವುದು ಅವರದು, ತಿನ್ನುವುದು ನೀವು ಮನೆಯಿಂದ ಕಟ್ಟಿಕೊಂಡು ಬಂದಿದ್ದು. ಬೊಲೊನ್ಯಾದಲ್ಲಿ 1465ರಿಂದ ಇರುವ ‘ಓಸ್ತೆರಿಯಾ ದೆಲ್ ಸೋಲೆ’ ಇವತ್ತಿಗೂ ಹಾಗೇ ನಡೆಯುತ್ತಿದೆ. ಪಕ್ಕದ ಬೀದಿಯಲ್ಲಿ ಬ್ರೆಡ್ಡು, ಚೀಸು ಕಟ್ಟಿಸಿಕೊಂಡು ಹೋಗಿ ಅವರ ಬೆಂಚಿನ ಮೇಲೆ ಬಿಚ್ಚಿ ಕೂರಬಹುದು. ಒಂದು ಲೋಟ ಏನಾದರೂ ಅವರಲ್ಲಿ ತಗೊಂಡರೆ ಆಯಿತು.

ಈಗ ಹೆಸರು ನಂಬುವ ಹಾಗಿಲ್ಲ. ಓಸ್ತೆರಿಯಾ ಅಂತ ಬೋರ್ಡ್ ಹಾಕಿಕೊಂಡು ಭಾರೀ ರೇಟಿನ ಊಟ ಹಾಕುವವರೂ ಇದ್ದಾರೆ. ವೆನಿಸ್‌ನಲ್ಲಿ ಇಂಥ ಚಿಕ್ಕ ಜಾಗಕ್ಕೆ ‘ಬಾಕರೊ’ ಅನ್ನುತ್ತಾರೆ, ಪಿಯೆಮೊಂತೆ ಕಡೆ ‘ಪಿಯೋಲಾ’. ರೋಮ್ ಪಕ್ಕದ ಬೆಟ್ಟದೂರುಗಳಲ್ಲಿ ‘ಫ್ರಾಸ್ಕೆತ್ತಾ’. ಹೊಸ ವೈನ್ ಬಂದಿದೆ ಅಂತ ತಿಳಿಸಲು ಬಾಗಿಲಿಗೆ ಸೊಪ್ಪಿನ ಕೊಂಬೆ ಕಟ್ಟುತ್ತಿದ್ದರು. ಕೊಂಬೆಗೆ ‘ಫ್ರಾಸ್ಕಾ’ ಅನ್ನುತ್ತಾರೆ, ಹೆಸರು ಬಂದಿದ್ದು ಅದರಿಂದ.

ಒಳ್ಳೆಯ ತ್ರತ್ತೊರಿಯಾ ಅಂತ ಗುರುತಿಸುವುದು ಹೇಗೆ?

ಬಾಗಿಲಲ್ಲಿ ನಿಂತು ‘ಮೈ ಫ್ರೆಂಡ್, ಇಂಡಿಯಾ? ಬನ್ನಿ’ ಅಂತ ಕರೆಯುವ ಜಾಗಕ್ಕೆ ಹೋಗಬೇಡಿ. ಆರು ಭಾಷೆಯ ಮೆನು, ಬಣ್ಣ ಮಾಸಿದ ಪಾಸ್ತಾ ಫೋಟೊ, ಬೆಳಗಿನಿಂದ ರಾತ್ರಿಯವರೆಗೆ ಮುಚ್ಚದ ಅಡುಗೆಮನೆ, ಇವು ಮೂರೂ ಒಟ್ಟಿಗೆ ಕಂಡರೆ ಮುಂದಕ್ಕೆ ನಡೆಯಿರಿ. ಕೈಬರಹದ ಮೆನು, ಅದರಲ್ಲೂ ನಾಲ್ಕು ಐಟಂ ಹೊಡೆದುಹಾಕಿದ್ದರೆ ಒಳ್ಳೆಯ ಲಕ್ಷಣ. ಮಾಡಿದ್ದು ಖಾಲಿಯಾಗಿದೆ ಅಂತ ಅರ್ಥ.

ಬಾಗಿಲ ಗಾಜಿನ ಮೇಲೆ ಬಸವನಹುಳುವಿನ ಗುರುತಿದ್ದರೆ ಅದು ಸ್ಲೋ ಫುಡ್ ಚಳವಳಿಯವರದು. 1986ರಲ್ಲಿ ರೋಮ್‌ನ ಪಿಯಾತ್ಸಾ ದಿ ಸ್ಪಾನ್ಯಾ ಅನ್ನುವ ಹಳೇ ಚೌಕದ ಪಕ್ಕ ಮೆಕ್‌ಡೊನಾಲ್ಡ್ಸ್ ತೆರೆದಾಗ ಎದ್ದ ವಿರೋಧದಿಂದ ಬೆಳೆದ ಚಳವಳಿ ಅದು. ಮುಂದೆ ನಿಂತವರು ಕಾರ್ಲೊ ಪೆತ್ರೀನಿ. 1990ರಿಂದ ಪ್ರತಿ ವರ್ಷ ಓಸ್ತೆರಿಯಾಗಳ ಕೈಪಿಡಿ ತರುತ್ತಿದ್ದಾರೆ. ಗೂಗಲ್ ಸ್ಟಾರ್‌ಗಿಂತ ನಾನು ಆ ಹುಳುವನ್ನೇ ನಂಬುತ್ತೇನೆ.

ಎಷ್ಟು ಗಂಟೆಗೆ ಹೋದರೆ ಊಟ ಸಿಗುತ್ತದೆ?

ಮಧ್ಯಾಹ್ನ 12.30ರಿಂದ 2.30. ರಾತ್ರಿ 7.30ರ ಮೇಲೆ. ನಡುವೆ ಬಾಗಿಲು ಹಾಕಿರುತ್ತದೆ. ನಾನು ಮೊದಲ ಸಲ ಹೋದಾಗ ಸಂಜೆ ಆರೂಕಾಲಿಗೆ ಒಂದು ಕಡೆ ಬಾಗಿಲು ತಳ್ಳಿದೆ. ಕುರ್ಚಿಗಳೆಲ್ಲ ಮೇಜಿನ ಮೇಲೆ ಹತ್ತಿದ್ದವು. ಒಂದು ಮೇಜು ಮಾತ್ರ ಇಳಿಸಿಕೊಂಡು ಅಡುಗೆಯವರು, ಯಜಮಾನ ಎಲ್ಲ ಸೇರಿ ಅವರ ಊಟ ಮಾಡುತ್ತಿದ್ದರು. ಯಜಮಾನ ಬಾಯಲ್ಲಿದ್ದ ತುತ್ತು ನುಂಗಿ, ಎಂಟು ಬೆರಳು ತೋರಿಸಿದ. ಅಷ್ಟೇ ಮಾತುಕತೆ.

ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ಬೇರೆ ಬೇರೆಯವರಿಗೆ ಬೇರೆ ಬೇರೆ ದಿನ. ಆಗಸ್ಟ್‌ನಲ್ಲಿ ಹೋಗುವವರು ಹುಷಾರು. ಆಗಸ್ಟ್ 15 ಅವರ ‘ಫೆರ್ರಗೊಸ್ತೊ’ ಹಬ್ಬ. ಅದರ ಆಚೀಚೆ ಎರಡು ವಾರ ‘ಕ್ಯೂಸೊ ಪೆರ್ ಫೆರಿಯೆ’, ಅಂದರೆ ರಜೆಗೆ ಮುಚ್ಚಿದೆ ಅಂತ ಚೀಟಿ ಅಂಟಿಸಿ ಸಮುದ್ರದ ಕಡೆ ಹೋಗಿಬಿಡುತ್ತಾರೆ.

ಹೋದ ತಕ್ಷಣ ಖಾಲಿ ಮೇಜು ನೋಡಿ ಕೂರಬಹುದಾ?

ಬೇಡ. ಬಾಗಿಲ ಹತ್ತಿರ ನಿಂತು ‘ಬ್ವೊನಸೇರಾ’ ಅನ್ನಿ, ಬೆರಳಲ್ಲಿ ಎಷ್ಟು ಜನ ಅಂತ ತೋರಿಸಿ. ಅವರು ಹೇಳಿದ ಕಡೆ ಕೂರಿ. ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ ಮೊದಲೇ ಫೋನ್ ಮಾಡಿ. ಭಾನುವಾರದ ಊಟಕ್ಕೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ಬರುತ್ತದೆ, ಮೂರು ಗಂಟೆಯಾದರೂ ಏಳುವುದಿಲ್ಲ. ರಾತ್ರಿ ಒಂದು ಮೇಜಿಗೆ ಒಂದೇ ಗುಂಪು ಅಂತ ಲೆಕ್ಕ ಹಾಕಿರುವ ಜಾಗಗಳು ಈಗಲೂ ಇವೆ. ಆದ್ದರಿಂದ ನಿಮ್ಮನ್ನು ಯಾರೂ ಎಬ್ಬಿಸುವುದೂ ಇಲ್ಲ.

ಮೆನುವಿನಲ್ಲಿ ಐದಾರು ಭಾಗ ಇರುತ್ತದಂತೆ. ಎಲ್ಲದರಿಂದಲೂ ತಗೋಬೇಕಾ?

ಬೇಕಿಲ್ಲ. ‘ಆಂತಿಪಾಸ್ತೊ’ ಶುರುವಿಗೆ. ‘ಪ್ರಿಮೊ’ ಅಂದರೆ ಪಾಸ್ತಾ, ಅನ್ನದ ರಿಸೊತ್ತೊ ಅಥವಾ ಸೂಪು. ‘ಸೆಕೊಂದೊ’ ಮಾಂಸ ಇಲ್ಲವೇ ಮೀನು. ‘ಕೊಂತೊರ್ನೊ’ ಅದರ ಜೊತೆಗಿನ ತರಕಾರಿ, ಇದಕ್ಕೆ ಬೇರೆ ದುಡ್ಡು. ‘ದೊಲ್ಚೆ’ ಸಿಹಿ. ಆಮೇಲೆ ಕಾಫಿ. ಎಲ್ಲವನ್ನೂ ಒಬ್ಬರೇ ತಿನ್ನುವುದು ಮದುವೆ, ಕ್ರಿಸ್‌ಮಸ್‌ನಲ್ಲಿ. ದಿನದ ಊಟದಲ್ಲಿ ಅವರೂ ಒಂದು ಪ್ರಿಮೊ, ಒಂದು ಕೊಂತೊರ್ನೊ ತಗೊಂಡು ಏಳುತ್ತಾರೆ. ರೋಮ್‌ನಲ್ಲಿ ಒಂದು ಪ್ರಿಮೊಗೆ ಈಗ ಸುಮಾರು 10ರಿಂದ 15 ಯೂರೊ.

ನಾಲ್ಕು ಜನ ಸೇರಿ ಎರಡು ಪ್ಲೇಟ್ ತಗೊಂಡು ಹಂಚಿಕೊಳ್ಳಬಹುದಾ ಅಂತ ನಮ್ಮವರು ಖಂಡಿತ ಕೇಳುತ್ತಾರೆ. ಆಂತಿಪಾಸ್ತೊ ಹಂಚಿಕೊಳ್ಳಿ, ಅದು ಇರುವುದೇ ಹಾಗೆ. ಪ್ರಿಮೊ ಮಾತ್ರ ತಲೆಗೊಂದು ಇರಲಿ. ಇಬ್ಬರ ನಡುವೆ ಒಂದು ಅಂದರೆ ಎರಡು ತಟ್ಟೆಗೆ ಭಾಗ ಮಾಡಿಕೊಡುವವರೂ ಇದ್ದಾರೆ. ನಾಲ್ವರಿಗೆ ಒಂದು ಅಂದರೆ ಮುಖ ಗಂಟಾಗುತ್ತದೆ.

ನಾನು ಕೇಳಿದ್ದು ‘ಇವತ್ತು ಇಲ್ಲ, ಗುರುವಾರ ಬಾ’ ಅಂದರು. ಯಾಕೆ?

ನ್ಯೊಕ್ಕಿ ಕೇಳಿರುತ್ತೀರಿ! ರೋಮ್‌ನಲ್ಲಿ ಗಾದೆಯ ಹಾಗೆ ಒಂದು ಮಾತಿದೆ: ಗುರುವಾರ ನ್ಯೊಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ. ಕ್ಯಾಥೊಲಿಕರಿಗೆ ಶುಕ್ರವಾರ ಮಾಂಸ ವರ್ಜ್ಯ. ನಮ್ಮಲ್ಲಿ ಏಕಾದಶಿಗೆ ಮುಂಚೆ ದಶಮಿಯ ಲೆಕ್ಕ ಇರುತ್ತದಲ್ಲ, ಹಾಗೇ ಅವರಿಗೂ ಹಿಂದಿನ ದಿನದ್ದೊಂದು ಲೆಕ್ಕ. ಮರುದಿನ ಹಗುರ ಊಟ ಅಂತ ಗುರುವಾರ ಆಲೂಗಡ್ಡೆಯ ಗಟ್ಟಿ ಉಂಡೆ ತಿಂದು ಹೊಟ್ಟೆ ಭದ್ರ ಮಾಡಿಕೊಳ್ಳುತ್ತಿದ್ದರು. ಶುಕ್ರವಾರ ‘ಬಕ್ಕಲಾ’ ಅನ್ನುವ ಉಪ್ಪುಮೀನು, ಕಡಲೆಕಾಳಿನ ಪಾಸ್ತಾ. ಶನಿವಾರ ತ್ರಿಪ್ಪಾ, ಅಂದರೆ ದನದ ಹೊಟ್ಟೆಯ ಪದರ. ಹಳೇ ತ್ರತ್ತೊರಿಯಾಗಳು ಇದನ್ನು ಇನ್ನೂ ಪಾಲಿಸುತ್ತವೆ.

ಹೊಟ್ಟೆ, ಬಾಲ, ಕರುಳು ಎಲ್ಲ ತಿನ್ನುತ್ತಾರಾ?

ರೋಮ್‌ನಲ್ಲಿ ತಿನ್ನುತ್ತಾರೆ, ಹೆಮ್ಮೆಯಿಂದ. ಅದಕ್ಕೆ ‘ಕ್ವಿಂತೊ ಕ್ವಾರ್ತೊ’ ಅಂತ ಹೆಸರು, ಅಂದರೆ ಐದನೇ ಕಾಲುಭಾಗ. ಕಾಲುಭಾಗ ನಾಲ್ಕೇ ಇರುವುದು ಅಲ್ವಾ? ತಮಾಷೆ ಇರುವುದೇ ಅಲ್ಲಿ. ಕಡಿದ ಪ್ರಾಣಿಯ ನಾಲ್ಕು ಭಾಗ ಹಣವಂತರ ಮನೆಗಳಿಗೆ ಹೋದ ಮೇಲೆ ಉಳಿದದ್ದು ಬಾಲ, ಕರುಳು, ಹೊಟ್ಟೆ, ನಾಲಿಗೆ. ತೆಸ್ತಾಚ್ಚೊ ಬಡಾವಣೆಯ ಕಸಾಯಿಖಾನೆಯಲ್ಲಿ ಕೆಲಸ ಮಾಡುವವರಿಗೆ ಕೂಲಿಯ ಒಂದು ಪಾಲು ಇದೇ ರೂಪದಲ್ಲಿ ಸಿಗುತ್ತಿತ್ತು. ಅವರು ಅದನ್ನು ಎದುರಿನ ಊಟದ ಮನೆಗಳಿಗೆ ಕೊಟ್ಟು ಬೇಯಿಸಿಸುತ್ತಿದ್ದರು. ಬಾಲವನ್ನು ಟೊಮೆಟೊ, ಸೆಲರಿ ಹಾಕಿ ಗಂಟೆಗಟ್ಟಲೆ ಕುದಿಸುವ ‘ಕೋದಾ ಅಲ್ಲಾ ವಚ್ಚಿನಾರಾ’ ಹುಟ್ಟಿದ್ದು ಹೀಗೆ. ಕಸಾಯಿಖಾನೆ 1975ರಲ್ಲಿ ಮುಚ್ಚಿತು, ಸುತ್ತಲಿನ ತ್ರತ್ತೊರಿಯಾಗಳು ಉಳಿದವು.

‘ಪಯಾತಾ’ ಅಂತಲೂ ಒಂದಿದೆ, ಹಾಲು ಕುಡಿಯುವ ಕರುವಿನ ಕರುಳು. ಹುಚ್ಚು ದನದ ರೋಗದ ಭಯದಿಂದ 2001ರಲ್ಲಿ ನಿಷೇಧವಾಗಿ, 2015ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಗೋಮಾಂಸ ತಿನ್ನದವರು ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಮೆನುವಿನಲ್ಲಿ ‘ಮಾಂತ್ಸೊ’, ‘ವಿತೆಲ್ಲೊ’ ಅಂತ ಕಂಡರೂ ಅದೇ, ದನ ಮತ್ತು ಕರು. ‘ಮಯಾಲೆ’ ಹಂದಿ, ‘ಪೊಲ್ಲೊ’ ಕೋಳಿ, ‘ಅಬ್ಬಾಕ್ಯೊ’ ಕುರಿಮರಿ.

ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದಾ?

ಬೇಕಾದಷ್ಟು. ಯುರೋಪಿನಲ್ಲಿ ನಮಗೆ ಇಷ್ಟು ಸಲೀಸಾದ ದೇಶ ನಾನಂತೂ ಬೇರೆ ನೋಡಿಲ್ಲ. ಟೊಮೆಟೊ ಸಾರಿನ ‘ಪೊಮೊದೊರೊ’, ಒಣಮೆಣಸಿನಕಾಯಿ ಹಾಕಿದ ‘ಅರ್ರಬ್ಯಾತಾ’, ಬರೀ ಬೆಳ್ಳುಳ್ಳಿ ಎಣ್ಣೆಯ ‘ಆಲ್ಯೊ ಎ ಒಲ್ಯೊ’ ಎಲ್ಲ ಕಡೆ ಸಿಗುತ್ತವೆ. ಸಿಸಿಲಿಗೆ ಹೋದರೆ ಬದನೆಕಾಯಿಯ ‘ಅಲ್ಲಾ ನೋರ್ಮಾ’, ‘ಕಪೊನಾತಾ’. ತೊಸ್ಕಾನಾದಲ್ಲಿ ತಂಗಳು ಬ್ರೆಡ್ಡು, ಕಪ್ಪು ಕೋಸು, ಹುರುಳಿಕಾಯಿಯ ಬೀಜ ಹಾಕಿ ಕುದಿಸಿದ ‘ರಿಬೊಲ್ಲೀತಾ’. ಪುಲ್ಯಾದಲ್ಲಿ ಒಣ ಅವರೆಯಂಥ ‘ಫಾವೆ’ ಬೇಯಿಸಿ ಅರೆದು, ಪಕ್ಕದಲ್ಲಿ ಕಹಿ ಸೊಪ್ಪು ಇಟ್ಟು ಕೊಡುತ್ತಾರೆ. ಅದನ್ನು ತಿಂದ ದಿನ ನನಗೆ ಮುದ್ದೆ ಬಸ್ಸಾರು ನೆನಪಾಗಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ರೋಮ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್ ನಡುವೆ ಇದ್ದರೆ ‘ಕಾರ್ಚೊಫಿ ಅಲ್ಲಾ ಜುದೀಯಾ’ ಬಿಡಬೇಡಿ. ಆರ್ಟಿಚೋಕ್ ಅನ್ನುವ ಮೊಗ್ಗಿನಂಥ ತರಕಾರಿಯ ಗಡಸು ಎಸಳು ಕಿತ್ತು, ಎಣ್ಣೆಯಲ್ಲಿ ಒಮ್ಮೆ ನಿಧಾನ ಬೇಯಿಸಿ, ಆರಿಸಿ, ಎಸಳುಗಳನ್ನು ಬೆರಳಿಂದ ಅಗಲ ಮಾಡಿ ಮತ್ತೆ ಕಾದ ಎಣ್ಣೆಗೆ ಬಿಡುತ್ತಾರೆ. ತಟ್ಟೆಗೆ ಬರುವಾಗ ಕಂದು ಸೇವಂತಿಗೆ ಹೂವಿನ ಹಾಗೆ ಅರಳಿ ನಿಂತಿರುತ್ತದೆ. ಹೊರಗಿನ ಎಸಳು ಹಪ್ಪಳದ ಹಾಗೆ ಮುರಿಯುತ್ತದೆ, ಒಳಗಿನ ಗಡ್ಡೆ ಬೆಂದ ಸುವರ್ಣಗೆಡ್ಡೆಯಷ್ಟು ಮೆದು. ಇದು ರೋಮ್‌ನ ಯಹೂದಿಗಳ ಅಡುಗೆ. 1555ರಲ್ಲಿ ಪೋಪ್ ನಾಲ್ಕನೇ ಪೌಲ್ ಅವರನ್ನು ಗೋಡೆಯೊಳಗಿನ ಘೆತ್ತೊದಲ್ಲಿ ಕೂಡಿಹಾಕಿದ. ಆ ಬೀದಿಗಳಲ್ಲೇ ಇವತ್ತೂ ಇದು ಚೆನ್ನಾಗಿ ಸಿಗುವುದು.

ಕೇಳುವಾಗ ‘ಸಸ್ಯಾಹಾರಿ’ ಅಂದರೆ ಸಾಲದು. ‘ನೊನ್ ಮಾಂಜೊ ಕಾರ್ನೆ, ನೆ ಪೆಶ್ಶೆ’ ಅನ್ನಿ, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಅಂತ. ಮೀನನ್ನು ಹೆಸರಿಸಿ ಹೇಳಲೇಬೇಕು, ಯಾಕೆಂದರೆ ‘ಅಚ್ಚೂಗೆ’ ಅನ್ನುವ ಬೆರಳುದ್ದದ ಉಪ್ಪುಮೀನು ಕರಗಿ ಕಣ್ಣಿಗೆ ಕಾಣದಂತೆ ಸೇರಿಬಿಟ್ಟಿರುತ್ತದೆ. ರೋಮ್‌ನ ‘ಪುಂತರೆಲ್ಲೆ’ ಸಲಾಡ್, ಪುಲ್ಯಾದ ಸೊಪ್ಪಿನ ಪಾಸ್ತಾ ಎರಡರಲ್ಲೂ ಇದು ಮಾಮೂಲಿ. ರಿಸೊತ್ತೊಗೆ ಹಾಕುವುದು ಮಾಂಸದ ಸಾರೇ ಆಗಿರಬಹುದು. ಕಾಳಿನ ಸೂಪಿಗೆ ಹಂದಿಕೊಬ್ಬಿನ ಒಗ್ಗರಣೆ ಬಿದ್ದಿರಬಹುದು. ‘ಪೆಪೆರೊನಿ’ ಅಂತ ಕಂಡು ಹೆದರಬೇಡಿ, ಅಲ್ಲಿ ಅದು ದೊಣ್ಣೆಮೆಣಸಿನಕಾಯಿ.

ಮೊಟ್ಟೆ ಕೂಡ ತಿನ್ನುವುದಿಲ್ಲ. ಚೀಸ್ ಬಗ್ಗೆಯೂ ಏನೋ ಹೇಳುತ್ತಾರಲ್ಲ?

ಒಣ ಪಾಸ್ತಾ ಬರೀ ಗಟ್ಟಿ ಗೋಧಿಯ ರವೆ ಮತ್ತು ನೀರು. ಸ್ಪಗೆತ್ತಿ, ರಿಗತೋನಿ, ಪೆನ್ನೆ ಸಾಮಾನ್ಯವಾಗಿ ಇದೇ ಜಾತಿ. ‘ಫ್ರೆಸ್ಕಾ’ ಅಂದರೆ ಹಸಿ ಪಾಸ್ತಾ. ತಲ್ಯತೆಲ್ಲೆ, ಫೆತ್ತುಚ್ಚಿನೆಗಳಲ್ಲಿ ಮೊಟ್ಟೆ ಇರುತ್ತದೆ. ಸಿಹಿಗಳ ಪೈಕಿ ತಿರಮಿಸುವಿನಲ್ಲಿ ಹಸಿ ಮೊಟ್ಟೆ. ಪನ್ನಾ ಕೊತ್ತಾದಲ್ಲಿ ಮೊಟ್ಟೆ ಇಲ್ಲ, ಆದರೆ ಪ್ರಾಣಿಮೂಲದ ಜೆಲಟಿನ್ ಇದೆ.

ಚೀಸ್ ವಿಷಯ ಕೇಳಿಸಿಕೊಂಡ ಮೇಲೆ ಕೆಲವರಿಗೆ ಬೇಜಾರಾಗುತ್ತದೆ. ಪರ್ಮಿಜಾನೊ ರೆಜ್ಜಾನೊ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಇದು ಅವರ ನಿಯಮದಲ್ಲೇ ಇದೆ, ಬೇರೆ ಥರ ಮಾಡಿದರೆ ಆ ಹೆಸರು ಇಡುವ ಹಾಗಿಲ್ಲ. ಕಟ್ಟುನಿಟ್ಟಿನವರು ‘ಸೆಂತ್ಸಾ ಫೊರ್ಮಾಜ್ಜೊ’ ಅಂತ, ಅಂದರೆ ಚೀಸ್ ಬೇಡ ಅಂತ ಹೇಳಿಬಿಡಿ.

ಕಾರ್ಬೊನಾರಾದಲ್ಲಿ ಕ್ರೀಮ್ ಕಡಿಮೆ ಹಾಕಿ ಅಂತ ಹೇಳಬಹುದಾ?

ಹಾಕಿದ್ದರೆ ತಾನೇ ಕಡಿಮೆ ಮಾಡುವುದು! ರೋಮ್‌ನಲ್ಲಿ ನಾಲ್ಕು ಪಾಸ್ತಾಗಳು ಅಣ್ಣತಮ್ಮಂದಿರ ಹಾಗೆ. ಕುರಿಹಾಲಿನ ಪೆಕೊರಿನೊ ಮತ್ತು ಕಾಳುಮೆಣಸು ಸೇರಿದರೆ ‘ಕಾಚೊ ಎ ಪೆಪೆ’. ಅದಕ್ಕೆ ‘ಗ್ವಾಂಚಾಲೆ’, ಅಂದರೆ ಉಪ್ಪು ಸವರಿ ಒಣಗಿಸಿದ ಹಂದಿಯ ಕೆನ್ನೆ ಸೇರಿಸಿದರೆ ‘ಗ್ರೀಚಾ’. ಗ್ರೀಚಾಗೆ ಟೊಮೆಟೊ ಬಿದ್ದರೆ ‘ಅಮತ್ರಿಚಾನಾ’, ಮೊಟ್ಟೆ ಬಿದ್ದರೆ ‘ಕಾರ್ಬೊನಾರಾ’. ಕ್ರೀಮ್ ಎಲ್ಲೂ ಇಲ್ಲ. ಆ ಹೊಳಪು ಬರುವುದು ಪಾಸ್ತಾ ಬೆಂದ ಗಂಜಿನೀರಿನಿಂದ. ಹಳೇ ಕಾಲದ ಅಡುಗೆ ಅಂತ ಎಲ್ಲರೂ ಅಂದುಕೊಳ್ಳುವ ಕಾರ್ಬೊನಾರಾ ಪ್ರಸಿದ್ಧವಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಕಾಚೊ ಎ ಪೆಪೆ ಮುಂದೆ ಕೂತಾಗ ನನಗೆ ಪ್ರತಿ ಸಲ ನಮ್ಮ ಘಟ್ಟ ನೆನಪಾಗುತ್ತದೆ. ರೋಮ್‌ಗೆ ಕಾಳುಮೆಣಸು ಹೋಗಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಕ್ರಿ.ಶ. 408ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಗೋತ್ ಜನರ ದೊರೆ ಅಲಾರಿಕ್ ಬಿಟ್ಟುಹೋಗಲು ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸನ್ನೂ ಕೇಳಿ ಪಡೆದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದಿದ್ದೂ ಈ ಕಾಳಿನಿಂದಲೇ. ತಟ್ಟೆಯಲ್ಲಿ ಮೂರೇ ಪದಾರ್ಥ, ಅದರಲ್ಲಿ ಒಂದು ನಮ್ಮ ಕಡೆಯದು.

ಸ್ಪಗೆತ್ತಿ ಬೊಲೊನೀಸ್, ಚಿಕನ್ ಪಾಸ್ತಾ, ಗಾರ್ಲಿಕ್ ಬ್ರೆಡ್?

ಸಿಗುವುದಿಲ್ಲ. ಸಿಕ್ಕರೆ ಅದು ಪ್ರವಾಸಿಗಳ ಹೋಟೆಲ್. ಬೊಲೊನ್ಯಾದಲ್ಲಿ ಮಾಂಸದ ರಗೂ ಬರುವುದು ಸ್ಪಗೆತ್ತಿಯ ಜೊತೆ ಅಲ್ಲ, ತಲ್ಯತೆಲ್ಲೆ ಜೊತೆ. ಬೆಂದ ತಲ್ಯತೆಲ್ಲೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಚಿನ್ನದಲ್ಲಿ ಒಂದು ಮಾದರಿಯನ್ನೂ ಮಾಡಿ ಇಟ್ಟಿದ್ದಾರೆ. ಸುಳ್ಳಲ್ಲ!

ಪಿಜ್ಜಾ ಕೂಡ ಎಷ್ಟೋ ತ್ರತ್ತೊರಿಯಾಗಳಲ್ಲಿ ಇರುವುದಿಲ್ಲ, ಅದಕ್ಕೆ ಪಿತ್ಸೆರಿಯಾ ಬೇರೆ. ತಲೆಗೊಂದು ಪೂರ್ತಿ ಪಿಜ್ಜಾ, ತುಂಡು ಮಾಡದೆ ತರುತ್ತಾರೆ, ಚಾಕು ಫೋರ್ಕಿನಲ್ಲಿ ತಿನ್ನುತ್ತಾರೆ. ಜೊತೆಗೆ ವೈನ್‌ಗಿಂತ ಬಿಯರ್ ಜಾಸ್ತಿ.

ಪಾಸ್ತಾ ಸರಿಯಾಗಿ ಬೆಂದಿರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಬೆಂದಿರುತ್ತದೆ. ನಡುವೆ ಹಲ್ಲಿಗೆ ಸ್ವಲ್ಪ ತಾಗಬೇಕು, ಅದು ಅವರ ಹದ. ನಮಗೆ ಅನ್ನ ಮುದ್ದೆಯಾದರೆ ಹೇಗೋ ಅವರಿಗೆ ಮೆತ್ತಗಿನ ಪಾಸ್ತಾ ಹಾಗೆ. ವಯಸ್ಸಾದವರು ಜೊತೆಗಿದ್ದರೆ ‘ಬೆನ್ ಕೊತ್ತಾ’ ಅಂದರೆ ಎರಡು ನಿಮಿಷ ಜಾಸ್ತಿ ಬೇಯಿಸುತ್ತಾರೆ.

ತಿನ್ನುವಾಗ ಏನಾದರೂ ಮಾಡಬಾರದ್ದು ಇದೆಯಾ?

ಸ್ಪಗೆತ್ತಿಯನ್ನು ಚಾಕುವಿನಲ್ಲಿ ಕತ್ತರಿಸಬೇಡಿ. ಫೋರ್ಕಿಗೆ ನಾಲ್ಕೈದು ಎಳೆ ಸಿಕ್ಕಿಸಿ ತಟ್ಟೆಯ ಅಂಚಿಗೆ ಒತ್ತಿ ಸುತ್ತಿ. ಮೀನಿನ ಪಾಸ್ತಾ ಮೇಲೆ ಚೀಸ್ ಕೇಳಬೇಡಿ. ಕೆಚಪ್ ಅಂತೂ ಬಾಯಿ ಬಿಡಬೇಡಿ.

ಬ್ರೆಡ್ಡಿಗೆ ಬೆಣ್ಣೆ ಬರುವುದಿಲ್ಲ. ಪಾಸ್ತಾ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಸಾರನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನುವುದಕ್ಕೆ ‘ಸ್ಕಾರ್ಪೆತ್ತಾ’ ಅಂತಾರೆ, ಪುಟ್ಟ ಬೂಟು ಅಂತ ಅರ್ಥ. ದೊಡ್ಡ ರಿಸ್ತೊರಾಂತೆಯಲ್ಲಿ ಸಂಕೋಚಪಡುತ್ತಾರೆ, ತ್ರತ್ತೊರಿಯಾದಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಲೆಯಲ್ಲಿ ಸಾರು ಹರಿಯುವ ಮುಂಚೆ ಕೈಯಲ್ಲಿ ಬಳಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತೊಸ್ಕಾನಾದಲ್ಲಿ ಬ್ರೆಡ್ ಸಪ್ಪೆ ಇರುತ್ತದೆ. ಉಪ್ಪು ಮರೆತಿದ್ದಾರೆ ಅಂದುಕೊಳ್ಳಬೇಡಿ, ಅಲ್ಲಿ ಉಪ್ಪು ಹಾಕುವುದೇ ಇಲ್ಲ.

ನೀರಿಗೂ ದುಡ್ಡಾ?

ಹೌದು, ಬಾಟಲಿ ನೀರೇ ತರುತ್ತಾರೆ. ‘ನತುರಾಲೆ’ ಸಾದಾ, ‘ಫ್ರಿತ್ಸಾಂತೆ’ ಸೋಡಾ. ಬಿಸಿನೀರು ಕೇಳಿದರೆ ಹುಷಾರಿಲ್ಲವಾ ಅಂತ ನೋಡುತ್ತಾರೆ.

ಕುಡಿಯುವವರಿಗೆ ‘ವೀನೊ ದೆಲ್ಲಾ ಕಾಸಾ’, ಮನೆಯ ವೈನ್. ಕಾಲು, ಅರ್ಧ, ಒಂದು ಲೀಟರ್ ಲೆಕ್ಕದಲ್ಲಿ ಗಾಜಿನ ಜಗ್ಗಿನಲ್ಲಿ ಬರುತ್ತದೆ. ಬಾಟಲಿಗಿಂತ ಅಗ್ಗ. ರೋಮ್‌ನ ಹಳಬರು ಅರ್ಧ ಲೀಟರಿಗೆ ‘ಫೊಯೆತ್ತಾ’ ಅಂತಾರೆ. ಹೆಂಡದಂಗಡಿಯವರು ಅಳತೆಯಲ್ಲಿ ಮೋಸ ಮಾಡದಿರಲಿ ಅಂತ ಪಾರದರ್ಶಕ ಗಾಜಿನ ಪಾತ್ರೆ ಕಡ್ಡಾಯ ಮಾಡಿದವನು ಪೋಪ್ ಐದನೇ ಸಿಕ್ಸ್ಟಸ್ ಎಂದು ಅವರ ಮಾತು.

ಊಟ ಆದಮೇಲೆ ಕ್ಯಾಪುಚಿನೊ ಕುಡಿದರೆ ಬೈಯುತ್ತಾರಂತೆ?

ಬೈಯುವುದಿಲ್ಲ, ಕೊಡುತ್ತಾರೆ. ಆದರೆ ಒಳಗೊಳಗೇ ನಗುತ್ತಾರೆ. ಹಾಲು ಹಾಕಿದ ಕಾಫಿ ಬೆಳಗಿನ ತಿಂಡಿಗೆ ಮಾತ್ರ, ಊಟದ ಮೇಲೆ ಹಾಲು ಜೀರ್ಣವಾಗದು ಅನ್ನುವುದು ಅವರ ನಂಬಿಕೆ. ಊಟದ ಮೇಲೆ ‘ಕಾಫೆ’, ಅಂದರೆ ಎರಡು ಗುಟುಕಿನ ಕರಿಕಾಫಿ. ಸಿಹಿತಿಂಡಿಯ ಜೊತೆಗಲ್ಲ, ಅದು ಮುಗಿದ ಮೇಲೆ. ಆ ಪುಟ್ಟ ಕಪ್ಪಿನಲ್ಲಿ ನಮ್ಮದೂ ಇರಬಹುದು. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಅವರ ಎಸ್ಪ್ರೆಸೊ ಮಿಶ್ರಣಗಳಿಗೆ ಹೋಗುತ್ತದೆ, ಮೇಲಿನ ಕೆನೆಬಣ್ಣದ ನೊರೆ ಗಟ್ಟಿಯಾಗಿ ನಿಲ್ಲಲು.

ಕಾಫಿ ಆದಮೇಲೆ ಯಜಮಾನ ಕೇಳದೆಯೇ ಲಿಮೊನ್ಚೆಲ್ಲೊ ಅಥವಾ ಕಹಿ ‘ಅಮಾರೊ’ ತಂದಿಟ್ಟರೆ ನೀವು ಅವನಿಗೆ ಇಷ್ಟವಾಗಿದ್ದೀರಿ ಅಂತ. ಅದು ಮದ್ಯ, ಬೇಡದವರು ನಗುತ್ತಾ ಬೇಡ ಅನ್ನಿ.

ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ಇದೆ. ನಾನು ಅದನ್ನು ತಿಂದೇ ಇಲ್ಲವಲ್ಲ?

ಅದು ತಿನ್ನುವ ಐಟಂ ಅಲ್ಲ. ಮೇಜಿನ ಹಾಸು, ಚಮಚ, ಬ್ರೆಡ್ಡು ಇವಕ್ಕೆಲ್ಲ ಸೇರಿ ತಲೆಗೆ ಇಷ್ಟು ಅಂತ, ಸಾಮಾನ್ಯವಾಗಿ 1ರಿಂದ 3 ಯೂರೊ. ಮೋಸವಲ್ಲ, ಮೆನುವಿನಲ್ಲಿ ಬರೆದಿರಬೇಕು. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ 2006ರ ಕಾನೂನಿನ ಪ್ರಕಾರ ಕೊಪೆರ್ತೊ ಹಾಕುವಂತಿಲ್ಲ. ಅದಕ್ಕೇ ಅಲ್ಲಿ ‘ಪಾನೆ’, ಅಂದರೆ ಬ್ರೆಡ್ ಅಂತ ಬರೆಯುತ್ತಾರೆ. ಬ್ರೆಡ್ ಬೇಡ ಅಂತ ವಾಪಸ್ ಕಳಿಸಿದರೆ ಅದನ್ನು ಕೊಡಬೇಕಿಲ್ಲ.

ಟಿಪ್ಸ್ ಕಡ್ಡಾಯವಲ್ಲ. ಖುಷಿಯಾದರೆ ಒಂದೆರಡು ಯೂರೊ ಚಿಲ್ಲರೆ ಬಿಟ್ಟು ಏಳಿ. ‘ಸೆರ್ವಿತ್ಸಿಯೊ’ ಅಂತ ಶೇಕಡಾವಾರು ಸೇರಿಸಿದ್ದರೆ ಅದೂ ಬೇಡ.

ಬಿಲ್ ತರುವುದೇ ಇಲ್ಲ. ನಮ್ಮನ್ನು ಮರೆತರಾ?

ಮರೆತಿಲ್ಲ. ಕೇಳದೆ ಬಿಲ್ ತಂದಿಡುವುದು ‘ಏಳಿ’ ಅಂದ ಹಾಗೆ ಅಂತ ಅವರ ಎಣಿಕೆ. ‘ಇಲ್ ಕೊಂತೊ, ಪೆರ್ ಫವೋರೆ’ ಅನ್ನಿ. ಒಂದು ಹಳೇ ಜಾಗದಲ್ಲಿ ಯಜಮಾನ ನಮ್ಮ ಮೇಜಿಗೇ ಬಂದು, ಕಿವಿಯ ಹಿಂದಿನ ಪೆನ್ನು ತೆಗೆದು, ಏನೇನು ತಿಂದಿರಿ ಅಂತ ನಮ್ಮನ್ನೇ ಕೇಳಿ, ಎಣ್ಣೆ ಕಲೆಯಾಗಿದ್ದ ಕಾಗದದ ಹಾಸಿನ ಮೇಲೇ ಕೂಡಿ, ಮೂಲೆ ಹರಿದು ಕೈಗೆ ಕೊಟ್ಟ. ಅಚ್ಚಾದ ರಸೀದಿ ಆಮೇಲೆ ಗಲ್ಲಾದಲ್ಲಿ. ಅದನ್ನು ಕೇಳಿ ತಗೊಳ್ಳಿ.

ಒಂದು ಮೇಜಿಗೆ ಒಂದೇ ಬಿಲ್. ಎಲ್ಲರೂ ಸಮ ಹಂಚಿಕೊಂಡು ಕೊಡುವುದಕ್ಕೆ ‘ಅಲ್ಲಾ ರೊಮಾನಾ’ ಅಂತಾರೆ, ರೋಮ್ ರೀತಿ ಅಂತ.

ದುಡ್ಡಿನಲ್ಲಿ ಏಮಾರುವುದು ಎಲ್ಲಿ?

ತೂಕದಲ್ಲಿ. ಮೀನು, ದೊಡ್ಡ ‘ಬಿಸ್ತೆಕ್ಕಾ’ (ದನದ ಮಾಂಸದ ದಪ್ಪ ತುಂಡು) ಇವುಗಳ ಮುಂದೆ ‘ಅಲ್ಲೆತ್ತೊ’ ಅಂತ ಇದ್ದರೆ ಬೆಲೆ 100 ಗ್ರಾಂಗೆ. ನನ್ನ ಸ್ನೇಹಿತರೊಬ್ಬರು 7 ಯೂರೊ ಮೀನು ಅಂತ ಖುಷಿಯಾಗಿ ಹೇಳಿದರು. ಬಂದಿದ್ದು ಒಂದು ಕಿಲೊ ತೂಗುವ ಮೀನು, ಬಿಲ್ 70. ಬೇಯಿಸುವ ಮುಂಚೆ ತೂಕ ಕೇಳಿ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಫ್ರೀಜರಿನಲ್ಲಿಟ್ಟ ಪದಾರ್ಥ ಅಂತ ಅರ್ಥ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಆರಾಮಾಗಿ. ಅಡುಗೆಮನೆಯಿಂದ ಅಜ್ಜಿ ಬಂದು ಎತ್ತಿಕೊಂಡರೂ ಎತ್ತಿಕೊಂಡಳೇ. ಮೆನುವಿನಲ್ಲಿ ಇಲ್ಲದಿದ್ದರೂ ‘ಪಾಸ್ತಾ ಇನ್ ಬ್ಯಾಂಕೊ’ ಕೇಳಿ. ಬೆಣ್ಣೆಯೋ ಎಣ್ಣೆಯೋ ಹಾಕಿದ ಬಿಳಿ ಪಾಸ್ತಾ, ಅಲ್ಲಿನ ಮಕ್ಕಳ ತುಪ್ಪದನ್ನ.

ಯುನೆಸ್ಕೊ ಪಟ್ಟಿಗೆ ಸೇರಿದ್ದು ಪಿಜ್ಜಾ ಮಾತ್ರನಾ?

ನೇಪಲ್ಸ್‌ನ ಪಿಜ್ಜಾ ಮಾಡುವ ಕಲೆ ಸೇರಿದ್ದು 2017ರಲ್ಲಿ. 2025ರ ಡಿಸೆಂಬರಿನಲ್ಲಿ ಇಟಲಿಯ ಅಡುಗೆ ಪರಂಪರೆಯನ್ನೇ ಸೇರಿಸಿದರು. ಆ ಸಭೆ ನಡೆದಿದ್ದು ದೆಹಲಿಯ ಕೆಂಪುಕೋಟೆಯಲ್ಲಿ. ನಮ್ಮ ದೀಪಾವಳಿ ಪಟ್ಟಿಗೆ ಸೇರಿದ್ದೂ ಅದೇ ಸಭೆಯಲ್ಲಿ.

ಚಟ್ನಿಪುಡಿ, ಉಪ್ಪಿನಕಾಯಿ ತಗೊಂಡು ಹೋಗಲಾ?

ರೂಮಿಗೆ ತಗೊಂಡು ಹೋಗಿ. ಹೊರದೇಶದಿಂದ ಹಾಲು, ಮಾಂಸದ ಪದಾರ್ಥ ಒಯ್ಯಲು ಯುರೋಪಿನಲ್ಲಿ ಬಿಡುವುದಿಲ್ಲ, ತುಪ್ಪ, ಪೇಡ ಮನೆಯಲ್ಲೇ ಇರಲಿ. ತ್ರತ್ತೊರಿಯಾದಲ್ಲಿ ಖಾರ ಬೇಕೆಂದರೆ ‘ಪೆಪೆರೊನ್ಚೀನೊ’ ಕೇಳಿ, ಒಣಮೆಣಸಿನಕಾಯಿ ಚೂರೋ ಖಾರದ ಎಣ್ಣೆಯೋ ತಂದಿಡುತ್ತಾರೆ.

ನಮ್ಮ ಮಾವ ಮಾತ್ರ ಕೇಳಲಿಲ್ಲ. ಪೊಮೊದೊರೊ ಮೇಲೆ ಜೇಬಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿದರು. ಯಜಮಾನ ದೂರದಿಂದ ನೋಡಿ ಸೀದಾ ಬಂದ. ಇನ್ನೇನು ಜಗಳ ಅಂದುಕೊಂಡೆ. ಪೊಟ್ಟಣ ಎತ್ತಿ ಮೂಸಿದ, ಅಂಗೈಗೆ ಒಂದು ಚಿಟಿಕೆ ಹಾಕಿಕೊಂಡು ನೆಕ್ಕಿದ, ಅಡುಗೆಮನೆ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. ಆಕೆ ಕೈ ಒರೆಸಿಕೊಳ್ಳುತ್ತಾ ಬಂದು ರುಚಿ ನೋಡಿ, ಬೆಳ್ಳುಳ್ಳಿ ಹಸಿಯದೋ ಹುರಿದದ್ದೋ ಅಂತ ಕೇಳಿದಳು. ಮಾವನಿಗೆ ಇಟಾಲಿಯನ್ ಬರದು, ಆಕೆಗೆ ಕನ್ನಡ ಬರದು. ಕೈಸನ್ನೆಯಲ್ಲೇ ಹತ್ತು ನಿಮಿಷ ನಡೆಯಿತು. ಪೊಟ್ಟಣ ಅಲ್ಲೇ ಉಳಿಯಿತು.